ದೋಣಿ ಬಿಡಬೇಡಿ

ನಮ್ಮ ದೋಣಿಯ ಮಗ್ಗುಲಲ್ಲಿ ಕೆಂಪು ಬಣ್ಣದ ಎರಡು ಪದಗಳಿದ್ದವು. ಒಂದೊಂದು ಅಕ್ಷರವೂ ಎಮ್ಮೆಯಷ್ಟು ದಪ್ಪ. ಓದು ಬಾರದ ನನ್ನನ್ನೂ ಅವು ಗದರಿಸುತ್ತಿದ್ದವು. ಬರೆಸಿದವರು ನಮ್ಮನೆಯವರು.

ಅಮೆರಿಕದ ಹಳೇ ಕಾಲದ ಒಬ್ಬ ಯುದ್ಧಹಡಗಿನ ಕಪ್ತಾನನೆಂದರೆ ಅವರಿಗೆ ನನಗಿಂತ ಹೆಚ್ಚು ಪ್ರೀತಿ. ಯಾವುದೋ ಬಂದರಿನಲ್ಲಿ ಕೇಳಿಬಂದ ಕತೆ. ಗುಂಡು ತಾಗಿ ಬಿದ್ದ ಕಪ್ತಾನ ತನ್ನವರಿಗೆ, ಹಡಗು ಬಿಡಬೇಡಿ ಎಂದನಂತೆ. ಅವನು ಸತ್ತ, ಹಡಗೂ ಶತ್ರುವಿನ ಪಾಲಾಯಿತು. ಆದರೆ ಅವನ ಗೆಳೆಯನೊಬ್ಬ ಆ ಮಾತನ್ನೇ ಬಾವುಟದ ಮೇಲೆ ಹೊಲಿಸಿಕೊಂಡು ಮುಂದಿನ ಯುದ್ಧ ಗೆದ್ದನಂತೆ. ಇದನ್ನು ಅವರು ನನಗೆ ಸಾವಿರ ಸಲ ಹೇಳಿದ್ದರು. ಪ್ರತಿ ಸಲವೂ ಕಪ್ತಾನನಿಗೆ ಒಂದು ಗುಂಡು ಹೆಚ್ಚು ತಾಗುತ್ತಿತ್ತು. ಕೊನೆಕೊನೆಗೆ ಅವನ ಮೈ ಜರಡಿಯಾಗಿತ್ತು. ನಮ್ಮಲ್ಲಿ ಹಡಗೆಲ್ಲಿ? ಅದಕ್ಕೇ ದೋಣಿ ಬಿಡಬೇಡಿ ಎಂದು ಬರೆಸಿದ್ದರು.

ಅವರು ಜ್ವರದಲ್ಲಿ ತೀರಿಕೊಂಡ ವರ್ಷ, ಮಳೆಗಾಲ ಮುಗಿದು ದೋಣಿಗಳನ್ನು ನೀರಿಗಿಳಿಸುವ ದಿನ, ಮೈದುನ ಸುಕ್ರು ನನಗೆ ಅಡ್ಡ ನಿಂತ. ದೋಣಿಯನ್ನು ತನ್ನ ಅಂಗಳಕ್ಕೆ ಎಳೆದೊಯ್ಯಲು ಹಗ್ಗವನ್ನೂ ತಂದಿದ್ದ.

"ನಾ ಹೇಳೂದಲ್ಲ ಅತ್ತಿಗೆ. ಅಣ್ಣನೇ ಬರ್ಸಿಟ್ಟು ಹೋಗಿದ್ದ, ದೋಣಿ ಬಿಡಬೇಡಿ ಅಂತ. ನೀರಿಗೆ ಬಿಡಬೇಡಿ. ಸತ್ತವರ ಮಾತು ಮೀರೂದಾ?"

ನೆರೆದವರು ತಲೆಯಾಡಿಸಿದರು. ನಮ್ಮ ಕೇರಿಯಲ್ಲಿ ದೋಣಿ ಬಿಡುವುದೆಂದರೆ ನಡೆಸುವುದೇ. ದೋಣಿ ಹೋದರೆ ನನಗೆ ಉಳಿಯುವುದು ಸುಕ್ರುವಿನ ಅಡುಗೆಮನೆಯ ಮೂಲೆ. ಆ ಮನೆಯ ಸಾರು ಕುಡಿದರೆ ಬೆಕ್ಕೂ ಸನ್ಯಾಸ ತೆಗೆದುಕೊಳ್ಳುತ್ತಿತ್ತು.

"ಅಲ್ಲ ಸುಕ್ರು," ಎಂದೆ, "ನಿನ್ನಣ್ಣ ಇದನ್ನ ಬರ್ಸಿದ್ದು ಯಾವಾಗ?"

"ನಿಮ್ಮ ಮದುವೆ ಆದ ವರ್ಷ."

"ಆಮೇಲೆ ದಿನಾ ದೋಣಿ ಬಿಟ್ರಲ್ಲ. ತಮ್ಮ ಮಾತು ತಾವೇ ಮೀರ್ತಿದ್ರಾ? ಕೈ ಬಿಡಬೇಡಿ ಅಂದದ್ದು, ಮಾರಾಯ. ನಿನಗೆ ದೋಣಿ ಬೇಕಾದ್ರೆ ನಿನ್ನ ಬಾಯಲ್ಲೇ ಕೇಳು. ಸತ್ತವರ ಬಾಯಿ ಯಾಕೆ?"

"ಗಂಡ ಇಲ್ಲದವಳು ಮುಟ್ಟಿದ ದೋಣಿಗೆ ಮೀನು ಬರೂದಿಲ್ಲ."

"ನೀರೊಳಗಿಂದ ಮೀನಿಗೆ ನನ್ನ ಹಣೆ ಕಾಣ್ತದಾ?"

ಯಾರೋ ನಕ್ಕರು. ಆ ನಗುವಿನ ಬಲದಲ್ಲೇ ಸೀರೆ ಎತ್ತಿ ಕಟ್ಟಿ ದೋಣಿಗೆ ಹೆಗಲು ಕೊಟ್ಟೆ. ಅದು ಅಲುಗಲಿಲ್ಲ, ಇಡೀ ಭೂಮಿಯನ್ನೇ ತಳ್ಳುತ್ತಿದ್ದೇನೆ ಅನ್ನಿಸಿತು. ಆಗ ಮೀನು ಮಾರುವ ಹೆಂಗಸರು ಬುಟ್ಟಿ ಕೆಳಗಿಟ್ಟು ಬಂದು ಹೆಗಲು ಕೊಟ್ಟರು, ದೋಣಿ ನೀರಿಗಿಳಿಯಿತು. ಸುಕ್ರು ಹಗ್ಗ ಹಿಡಿದು ನಿಂತೇ ಇದ್ದ.

ಹುಟ್ಟು ಹಾಕುವುದನ್ನು ನೋಡಿ ಗೊತ್ತಿತ್ತೇ ಹೊರತು ಹಾಕಿ ಗೊತ್ತಿರಲಿಲ್ಲ. ದೋಣಿ ಏಡಿಯಂತೆ ಅಡ್ಡಕ್ಕೆ ಓಡಿತು. ಆದರೂ ಹಿಂದಿರುಗಲಿಲ್ಲ. ದಡದ ಗದ್ದಲ ಸಣ್ಣದಾಗುತ್ತ ಹೋಗಿ, ಕಡೆಗೆ ಹುಟ್ಟಿನ ತುದಿಯಿಂದ ತೊಟ್ಟಿಕ್ಕುವ ನೀರಿನ ಸದ್ದಷ್ಟೇ ಉಳಿಯಿತು.