ಎರಡು ಗಂಟು

"ಎರಡು ಗಂಟು ಹಾಕಿದೀನಮ್ಮಾ. ಎಷ್ಟು ಓಡಿದ್ರೂ ಬಿಚ್ಚಲ್ಲ," ಎಂದು ಮಗಳು ಶೂ ಲೇಸನ್ನು ಇನ್ನೊಮ್ಮೆ ಎಳೆದಳು. ಎಂಟು ವರ್ಷದ ಕೈಗೆ ಅದೆಲ್ಲಿಯ ಬಲವೋ, ದೊಡ್ಡಕ್ಕನ ಪಾದ ಜುಮ್ಮೆಂದಿತು. ಓಡಲು ಬಿಟ್ಟರೆ ತಾನೇ ಎಂದು ಒಳಗೊಳಗೇ ಅಂದುಕೊಂಡು, ಬಾಯಲ್ಲಿ ಮಾತ್ರ "ಜಾಣೆ" ಎಂದು ಅವಳನ್ನು ಗ್ಯಾಲರಿಗೆ ಕಳಿಸಿದಳು.

ತಂಡದವರೆಲ್ಲ ಅವಳನ್ನು ಕರೆಯುವುದೇ ದೊಡ್ಡಕ್ಕ ಎಂದು. ಹಗಲೆಲ್ಲ ಔಷಧದಂಗಡಿಯಲ್ಲಿ ನಿಂತು, ಸಂಜೆ ಬಾಸ್ಕೆಟ್‌ಬಾಲ್ ಅಂಕಣಕ್ಕೆ ಓಡಿಬರುತ್ತ ಹದಿನಾರು ವರ್ಷವಾಗಿತ್ತು. ಈ ಸಲ ಹದಿಮೂರು ಪಂದ್ಯಗಳಲ್ಲಿ ಹನ್ನೊಂದು ಸೋಲು. ಆರನೆಯ ಸೋಲಿನ ಮರುದಿನವೇ ಕೋಚ್ ಹೇಳಿಬಿಟ್ಟಿದ್ದರು: "ಈ ವರ್ಷ ಹೇಗೂ ಕೈಬಿಟ್ಟು ಹೋಯ್ತು. ಇನ್ನು ಚಿಕ್ಕೋರು ಆಡ್ಲಿ. ಕೊನೇ ನಿಮಿಷ ಒಳಗೆ ನಿಲ್ಲದೆ ಕೊನೇ ನಿಮಿಷ ಆಡೋದು ಯಾರಿಗೂ ಬರಲ್ಲ." ಅಂದಿನಿಂದ ಅವಳ ಜಾಗದಲ್ಲಿ ಹತ್ತೊಂಬತ್ತು ವರ್ಷದ ಹುಡುಗಿ ಗುಬ್ಬಿ, ಅವಳು ಬೆಂಚಿನ ತುದಿಯಲ್ಲಿ, ನೀರಿನ ಬಾಟಲಿಗಳ ಪಕ್ಕ.

ಇವತ್ತಿನದು ಕೊನೆಯ ಪಂದ್ಯ. ಅವಳಿಗಂತೂ ಕೊನೆಯದೇ, ಮಂಡಿ ಇನ್ನೊಂದು ವರ್ಷಕ್ಕೆ ಒಪ್ಪುವುದಿಲ್ಲ. ಅಮ್ಮ ಆಡಿದ್ದನ್ನು ಮಗಳು ನೆನಪಿಟ್ಟುಕೊಳ್ಳಲು ಒಂದೇ ಒಂದು ನಿಮಿಷ ಸಿಕ್ಕರೂ ಸಾಕಿತ್ತು.

ನಲವತ್ತು ಸೆಕೆಂಡು ಉಳಿದಾಗ ಒಂದೇ ಅಂಕದ ಹಿನ್ನಡೆ. ಗುಬ್ಬಿ ಆಗಲೇ ಎರಡು ಸಲ ಚೆಂಡು ಕಳೆದುಕೊಂಡಿದ್ದಳು. ಉಗುರು ಕಚ್ಚುತ್ತಿದ್ದ ಕೋಚ್ ತಟ್ಟನೆ ತಿರುಗಿದರು.

"ದೊಡ್ಡಕ್ಕಾ, ನೀನು ಹೋಗಮ್ಮ. ಇದೊಂದಾದ್ರೂ ಗೆಲ್ಲೋಣ."

"ಚಿಕ್ಕೋರು ಕಲೀಲಿ ಅಂದಿದ್ರಲ್ಲ ಸರ್?"

"ಮುಂದಿನ ವರ್ಷ ಕಲೀತಾಳೆ ಬಿಡು. ಸೋತು ಸೋತು ಸಾಕಾಗಿದೆ ನಂಗೆ."

ಆಟ ನಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಅಂಕ ಬರೆಯುವವನ ಮೇಜಿನ ಪಕ್ಕದ ಕುರ್ಚಿಯಲ್ಲಿ ಅವಳು ಕಾದು ಕೂತಳು. ಗ್ಯಾಲರಿಯಲ್ಲಿ ಮಗಳು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದಳು. ಎದುರಾಳಿಯ ಕೈಗೆ ತಾಗಿ ಚೆಂಡು ಗೆರೆಯಾಚೆ ಹೋಯಿತು. ಸೀಟಿ.

"ಹೋಗಿ ಅಕ್ಕಾ, ಬೇಗ," ಎಂದ ಮೇಜಿನವನು.

ಯಾರೂ ಕರೆಯದೆಯೇ ಗುಬ್ಬಿ ಬೆಂಚಿನ ಕಡೆ ಹೊರಟಿದ್ದಳು, ಜೆರ್ಸಿಯ ಅಂಚಿನಿಂದ ಮುಖ ಒರೆಸಿಕೊಳ್ಳುತ್ತ, ನೆಲ ನೋಡುತ್ತ. ಆ ನಡಿಗೆ ದೊಡ್ಡಕ್ಕನಿಗೆ ಗೊತ್ತಿತ್ತು. ಈ ಎರಡು ತಿಂಗಳು ತಾನು ಮನೆಗೆ ಹೋಗುತ್ತಿದ್ದುದು ಹಾಗೆಯೇ.

ದೊಡ್ಡಕ್ಕ ಬಗ್ಗಿದಳು. "ತಡಿಯಪ್ಪಾ, ಲೇಸ್ ಬಿಚ್ಚಿದೆ."

"ಈಗಲಾ? ರೆಫರಿ ಕಾಯಲ್ಲಕ್ಕಾ!"

"ಕಾಯೋದು ಬೇಡ." ಬಗ್ಗಿದಲ್ಲಿಂದಲೇ ಕೂಗಿದಳು: "ಏ ಗುಬ್ಬೀ, ಎಲ್ಲಿಗೆ ಸವಾರಿ? ತಲೆ ಎತ್ತಿ ಆಡೇ!"

ಗುಬ್ಬಿ ಅರೆಗಳಿಗೆ ನಿಂತು, ತಿರುಗಿ ಓಡಿದಳು. ಈ ಸಲ ಚೆಂಡನ್ನು ನೋಡದೆಯೇ ಪುಟಿಸುತ್ತ ಇಬ್ಬರ ನಡುವೆ ನುಸುಳಿ ಎಸೆದಳು. ಚೆಂಡು ಬುಟ್ಟಿಯ ಬಳೆಯ ಮೇಲೆ ಒಂದು ಸುತ್ತು ಸುತ್ತಿ, ಇನ್ನರ್ಧ ಸುತ್ತಿ, ಹೊರಗೆ ಬಿತ್ತು. ಆಟ ಮುಗಿದ ಹೂಟರ್ ಕೂಗಿತು.

"ನಿನ್ ಲೇಸಿಗೂ ಇವತ್ತೇ ಬೇಕಿತ್ತಾ!" ಎಂದು ಕೋಚ್ ತಲೆ ಹಿಡಿದು ಕೂತರು. ಏದುಸಿರು ಬಿಡುತ್ತ ಗುಬ್ಬಿ ದೊಡ್ಡಕ್ಕನ ಪಕ್ಕಕ್ಕೆ ಬಂದು ಕುಸಿದಳು.

"ಅಕ್ಕಾ, ಇನ್ನೊಂಚೂರು ಎಡಕ್ಕೆ ಹೊಡೀಬೇಕಿತ್ತು, ಅಲ್ವಾ?"

"ಎಡಕ್ಕಲ್ಲ, ಮೇಲಕ್ಕೆ. ನೀರು ಕುಡಿ ಮೊದ್ಲು."

ದೀಪಗಳು ಒಂದೊಂದಾಗಿ ಆರುತ್ತಿದ್ದಾಗ ಮಗಳು ಇಳಿದು ಬಂದಳು. "ಯಾಕಮ್ಮಾ ಆಡ್ಲಿಲ್ಲ?"

"ಲೇಸ್ ಬಿಚ್ಕೊಂಡಿತ್ತು ಪುಟ್ಟಾ."

ಮಗಳು ಕುಕ್ಕರುಗಾಲಲ್ಲಿ ಕೂತು ನೋಡಿದಳು. ಒಂದು ಶೂ, ಇನ್ನೊಂದು ಶೂ. ಒಮ್ಮೆ ಅಮ್ಮನ ಮುಖ ನೋಡಿದಳು. ಆಮೇಲೆ, ತಾನೇ ಹಾಕಿದ್ದ, ಇನ್ನೂ ಬಿಗಿಯಾಗಿಯೇ ಇದ್ದ ಗಂಟುಗಳನ್ನು ಉಗುರಿನಿಂದ ಮೆಲ್ಲಗೆ ಸಡಿಲಿಸತೊಡಗಿದಳು.