ಬಿಸಿ ಬಟ್ಟೆ ಹಿಡಿಯುವ ಕೈ

ಹೆಂಡತಿ ತೀರಿಕೊಂಡ ಮೇಲೆ ಬೋರ್ಡಪ್ಪ ಹಿತ್ತಿಲ ಶೆಡ್ಡಿನ ಬೀಗ ತೆಗೆದಿರಲಿಲ್ಲ. ಬೋರ್ಡಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಕಂಪ್ಯೂಟರ್ ಎಂದರೆ ಕೋಣೆ ತುಂಬುವ ಯಂತ್ರವಾಗಿದ್ದ ಕಾಲದಲ್ಲಿ ಅದನ್ನು ತಯಾರಿಸಿ, ಆಮೇಲೆ ಹೇಳಹೆಸರಿಲ್ಲದಂತೆ ಹೋದ ಕಂಪನಿಗಳ ಹೆಸರಿನ ಬೋರ್ಡುಗಳನ್ನು ಗಂಡಹೆಂಡಿರಿಬ್ಬರೂ ಸೇರಿ ಆ ಶೆಡ್ಡಿನಲ್ಲಿ ಕೂಡಿಹಾಕಿದ್ದರು. ಶೆಡ್ಡಿನ ಜೊತೆಗೆ ಅವನು ಪ್ರಾರ್ಥನೆಯನ್ನೂ ಬಿಟ್ಟಿದ್ದ. ಅಷ್ಟು ಬೇಡಿಕೊಂಡರೂ ಅವಳನ್ನು ಉಳಿಸದ ದೇವರ ಹತ್ತಿರ ಇನ್ನೇನು ಮಾತು ಎಂಬ ಮುನಿಸು.

ಆ ದಿನ ಬೆಳಿಗ್ಗೆ ಅವನು ಏಣಿ ಹೊತ್ತು ಹೊರಟಿದ್ದಕ್ಕೆ ಕಾರಣವಿತ್ತು. ಹೆಂಡತಿ ಹುಡುಗಿಯಾಗಿದ್ದಾಗ ಕಂಪ್ಯೂಟರಿಗೆ ಲೆಕ್ಕ ಉಣಿಸುವ ಕಾರ್ಡುಗಳಿಗೆ ತೂತು ಹೊಡೆಯುವ ಕೆಲಸ ಮಾಡಿದ್ದ ಕಂಪನಿಯ ಕಟ್ಟಡವನ್ನು ಮಧ್ಯಾಹ್ನ ಕೆಡವುವವರಿದ್ದರು. ಅದರ ಬಾಗಿಲ ಮೇಲಿನ ನೀಲಿ ಅಕ್ಷರಗಳನ್ನು ಮಾತ್ರ ಅವಳು ಮುಟ್ಟಗೊಟ್ಟಿರಲಿಲ್ಲ. “ಕಟ್ಟಡ ನಿಂತಿರೋವರೆಗೂ ಅಲ್ಲೇ ಇರ್ಲಿ. ಕೆಡವೋ ದಿನ ನಾವೇ ಹೋಗಿ ಕರ್ಕೊಂಡು ಬರೋಣ” ಎಂದಿದ್ದಳು, ತವರಿಗೆ ಮಗಳನ್ನು ಕರೆತರುವ ಮಾತಾಡಿದಂತೆ.

ಏಣಿ ಹಿಡಿಯಲು ಬಂದವಳು ಹೆಂಡತಿಯ ತಂಗಿ. ಬಟ್ಟೆ ಹೊಲಿಯುವ ಕಸುಬಿನವಳು, ನಾಲಿಗೆಯೂ ಸೂಜಿಯೇ.

“ಈ ವಯಸ್ಸಲ್ಲಿ ಬಿದ್ರೆ ನಿಮ್ಮ ಹೆಸರಿಗೂ ಒಂದು ಬೋರ್ಡ್ ಬರೆಸ್ಬೇಕಾಗತ್ತೆ ಭಾವ.”

“ಬರೆಸು. ಅಕ್ಷರ ಮಾತ್ರ ಸೊಟ್ಟಗಿರಬಾರದು.”

ಹಳೆಯ ಪ್ಲಾಸ್ಟಿಕ್ ಅಕ್ಷರ ಬಿಸಿಲಿಗೆ ಒಣಗಿ ಗಾಜಿನಂತೆ ಪೆಡಸಾಗಿರುತ್ತದೆ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ತಿರುಪಿನ ಸುತ್ತ ಒತ್ತಿ ಹಿಡಿದು, ಅದು ಹದಕ್ಕೆ ಬಂದಾಗಲೇ ಬಿಚ್ಚಬೇಕು. ಬೇಗ ಬಿಚ್ಚಿದರೆ ಸೀಳುತ್ತದೆ, ತಡಮಾಡಿದರೆ ಮತ್ತೆ ತಣ್ಣಗಾಗುತ್ತದೆ. ಬಟ್ಟೆ ಹಿಡಿಯುವುದು ಯಾವಾಗಲೂ ಹೆಂಡತಿಯ ಕೆಲಸ. ಅವಳು “ಹ್ಞೂಂ, ಈಗ” ಎಂದಾಗ ತಿರುಪು ತಿರುಗಿಸುವುದಷ್ಟೇ ಇವನದು. ಎಷ್ಟು ಹೊತ್ತು ಹಿಡಿಯಬೇಕೆಂದು ಅವನು ಎಂದೂ ಕೇಳಿದವನಲ್ಲ.

ಈಗ ಅವನೊಬ್ಬನೇ, ಫ್ಲಾಸ್ಕಿನಲ್ಲಿ ತಂದ ಬಿಸಿನೀರಿಗೆ ಬಟ್ಟೆ ಅದ್ದಿ ಒತ್ತಿ, ಸಾಕೆನಿಸಿದಾಗ ತಿರುಗಿಸಿದ. ಟಪ್ಪೆಂದಿತು. ಮೊದಲ ಅಕ್ಷರದ ಮೂಲೆ ಮುರಿದು ಮೆಟ್ಟಿಲ ಮೇಲೆ ಬಿತ್ತು.

ಅವನು ಕೆಳಗಿಳಿದು ಆ ಚೂರಿನ ಪಕ್ಕದಲ್ಲೇ ಕುಸಿದು ಕುಳಿತ. “ನನ್ನ ಕೈಲಾಗಲ್ಲ. ಹದ ಅವಳಿಗೆ ಗೊತ್ತಿತ್ತು. ಉಳಿದಿದ್ದನ್ನೂ ಒಡೆದು ಹಾಕ್ತೀನಿ.”

ನಾದಿನಿ ಬಗ್ಗಿ ಆ ಚೂರನ್ನು ಎತ್ತಿಕೊಂಡಳು. “ಬಟ್ಟೆ ಹಿಡ್ಕೊಂಡಾಗ ಅಕ್ಕ ತುಟಿ ಅಲ್ಲಾಡಿಸ್ತಿದ್ಲಾ?”

“ಏನೋ ಗೊಣಗ್ತಿದ್ಲು. ನನ್ನನ್ನ ಬೈತಿದ್ದಾಳೆ ಅಂದ್ಕೊಂಡಿದ್ದೆ.”

“ಬೈಯೋದಾಗಿದ್ರೆ ಜೋರಾಗೇ ಬೈತಿದ್ಲು. ಅದು ಅಮ್ಮ ಕಲಿಸಿದ ಪ್ರಾರ್ಥನೆ. ಮೊಟ್ಟೆ ಬೇಯಿಸೋಕೂ ನಮಗೆ ಅದೇ ಗಡಿಯಾರ. ಏಳಿ.”

ಕೆಡವುವವರ ಮೇಸ್ತ್ರಿ ನಗುತ್ತಲೇ ಇನ್ನೊಂದು ಏಣಿ ಕೊಟ್ಟ. “ಬೇಗ ಮುಗಿಸಿ ಯಜಮಾನ್ರೇ, ಊಟದ ಹೊತ್ತಿಗೆ ಯಂತ್ರ ಬಂದ್ಬಿಡತ್ತೆ.”

ಬೋರ್ಡಪ್ಪ ಮತ್ತೆ ತನ್ನ ಏಣಿ ಹತ್ತಿದ, ಅವಳು ಸೆರಗು ಸಿಕ್ಕಿಸಿಕೊಂಡು ಪಕ್ಕದ್ದನ್ನು ಹತ್ತಿದಳು. ಎರಡನೆಯ ಅಕ್ಷರಕ್ಕೆ ಹಬೆಯಾಡುವ ಬಟ್ಟೆ ಒತ್ತಿ, ಮೆಲ್ಲನೆ ಹೇಳತೊಡಗಿದಳು. ಕೊನೆಗೆ ಬಂದು ತಟಕ್ಕನೆ ನಿಂತಳು.

“ಕೊನೇ ಸಾಲು ಬರ್ತಿಲ್ಲ ಭಾವ. ಅದನ್ನ ಯಾವಾಗ್ಲೂ ಅಕ್ಕನೇ ಹೇಳ್ತಿದ್ಲು.”

ಬಟ್ಟೆಯ ಹಬೆ ಇಳಿಯುತ್ತಿತ್ತು. ಬೋರ್ಡಪ್ಪ ಬಾಯಿ ತೆರೆದ. ಇಷ್ಟು ವರ್ಷ ಕಿವಿಗೇ ಹಾಕಿಕೊಂಡಿಲ್ಲ ಎಂದುಕೊಂಡಿದ್ದ ಆ ಸಾಲು, ಮುನಿಸಿನವನ ನಾಲಿಗೆಯ ಮೇಲೆ ತಾನಾಗಿ ಬಂದು ನಿಂತಿತು. ಅದನ್ನು ಪೂರ್ತಿ ಹೇಳಿದ.

“ಹ್ಞೂಂ, ಈಗ” ಎಂದಳು ನಾದಿನಿ.

ಬೆಣ್ಣೆಯಿಂದ ಕೂದಲು ತೆಗೆದಂತೆ ತಿರುಪು ಹೊರಬಂತು. ಅಕ್ಷರ ಇಡಿಯಾಗಿ ಅವನ ಎದೆಗೆ ಒರಗಿತು. ಇನ್ನೂ ಬೆಚ್ಚಗಿತ್ತು.

ಮುಂದಿನ ಪ್ರತಿ ಅಕ್ಷರಕ್ಕೂ, ಮೂಲೆ ಮುರಿದ ಮೊದಲನೆಯದಕ್ಕೂ ಅವಳು ಆರಂಭಿಸುವುದು, ಅವನು ಮುಗಿಸುವುದು. ಮೇಸ್ತ್ರಿ ಕೆಳಗೆ ಟೋಪಿ ತೆಗೆದು ನಿಂತಿದ್ದ. ಎಲ್ಲವೂ ಕಂಬಳಿಯಲ್ಲಿ ಸುತ್ತಿಕೊಂಡು ಗಾಡಿ ಏರಿದವು. ಮೂಲೆ ಮುರಿದದ್ದನ್ನು ನಾದಿನಿ ಮಡಿಲಲ್ಲೇ ಇಟ್ಟುಕೊಂಡಳು.

“ಇದನ್ನ ಅಂಟಿಸಬಹುದಾ?”

“ಅಂಟಿಸಬಹುದು. ಸೀಳು ಕಾಣತ್ತೆ.”

“ಕಾಣ್ಲಿ ಬಿಡಿ” ಎಂದಳು. ಮನೆಯ ಮುಂದೆ ಇಳಿದಾಗ ಕೇಳಿದಳು: “ಶೆಡ್ಡಿನ ಬೀಗದ ಕೈ ಎಲ್ಲಿಟ್ಟಿದ್ದೀರೋ ಏನೋ. ಹುಡುಕ್ಬೇಕಾ?”

“ಜೇಬಲ್ಲೇ ಇದೆ” ಎಂದ ಬೋರ್ಡಪ್ಪ. “ಬೆಳಿಗ್ಗೇನೇ ಹಾಕ್ಕೊಂಡೆ.”