ಇಲ್ಲದ ಹೆಡ್‌ಮಾಸ್ತರಿಗೆ ಪುಸ್ತಕ

ನನ್ನ ಬಾಯಿಂದ ಬರುವ ಮಾತಿನಲ್ಲಿ ಅರ್ಧ ಬೇರೆಯವರ ದನಿಯೇ ಇರುತ್ತದೆ. ಹಾಗಾಗಿ ಬಳ್ಳಾರಿಯಲ್ಲಿ ನನ್ನನ್ನು ನಂಬುವವರು ಕಡಿಮೆ. ಆದರೆ ಇದು ನಿಜವಾಗಿ ನಡೆದದ್ದು. ಬೇಕಾದರೆ ಲಗೇಜ್ ಗಾಡಿಯ ಎರ್ರಿಯನ್ನು ಕೇಳಿ. ಸುಳ್ಳು ಹೇಳುವಷ್ಟು ಪುರುಸೊತ್ತು ಅವನಿಗಿಲ್ಲ.

ಸತ್ಯನಾರಾಯಣ ಪೇಟೆಯಲ್ಲಿ ಅನಂತ ಸರ್ ಬಹಳ ವರ್ಷ ಕಂಪ್ಯೂಟರ್ ಸೆಂಟರ್ ನಡೆಸಿದರು. ಊರಿಗೆಲ್ಲ ವಿಂಡೋಸ್ ಕಲಿಸಿದ ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಬಿ.ಕಾಂ. ಓದುವಾಗ ನಾನೂ ಅಲ್ಲೇ ಮೌಸ್ ಹಿಡಿದವನು. ಸೆಂಟರ್ ಮುಚ್ಚಿದ ಮೇಲೆ ಅಲ್ಲಿ ಉಳಿದದ್ದು ಗೋಡೆ ತುಂಬ ಪುಸ್ತಕ, ಸೀಡಿ ಅಂಟಿಸಿದ ಮಾಸಪತ್ರಿಕೆಗಳ ಕಟ್ಟು, ಮತ್ತು ನಿಜವಾದ ಇಲಿಗಳು. ಈಗ ಯಾರೂ ಕಲಿಯದ ಡಾಸ್, ಕೋಬಾಲ್, ಫಾಕ್ಸ್‌ಪ್ರೊ, ಒಂದೊಂದೂ ದಿಂಬಿನಷ್ಟು ದಪ್ಪ. ಕಟ್ಟಡ ಕೆಡವುತ್ತೇವೆ, ಭಾನುವಾರದೊಳಗೆ ಖಾಲಿ ಮಾಡಿ ಎಂದು ಮಾಲೀಕರು ಹೇಳಿದ್ದರು.

ಸರ್ ಮನೆಯಲ್ಲಿ ಜಾಗವಿರಲಿಲ್ಲ. ರದ್ದಿಗೆ ಹಾಕುವ ಮಾತೆತ್ತಿದರೆ ಮುಖ ತಿರುಗಿಸುತ್ತಿದ್ದರು.

"ತೆಗೆದು ನೋಡೋ ಮನುಷ್ಯಾ ಒಬ್ಬ ಸಿಕ್ಕರ ಸಾಕು ಹಂಪೇಶ. ಒಬ್ಬ."

ಆ ಒಬ್ಬನನ್ನು ಹುಡುಕಲು ನಾವಿಬ್ಬರೂ ಮೂರು ವಾರ ತಿರುಗಿದೆವು. ಒಂದು ಲೈಬ್ರರಿಯ ಅಮ್ಮ, "ಈ ವರ್ಷದ್ದು ಇದ್ರ ತರ್ರಿ" ಎಂದರು. ಕುಡತಿನಿಯಲ್ಲಿ ಕೆಲಸಕ್ಕಿರುವ ಹಳೆಯ ವಿದ್ಯಾರ್ಥಿ ಚಹಾ ಕುಡಿಸಿ, ಫೋಟೋ ತೆಗೆಸಿಕೊಂಡು, ಕ್ವಾರ್ಟರ್ಸ್ ಸಣ್ಣದು ಎಂದ. ಕೊಳಗಲ್ಲಿನ ಒಬ್ಬರು ಬಾಗಿಲೇ ತೆಗೆಯಲಿಲ್ಲ. ಬರುವಾಗ ನನ್ನ ಸ್ಕೂಟರಿನ ಹಿಂದೆ ಕೂತ ಸರ್ ಒಂದು ಮಾತೂ ಆಡಲಿಲ್ಲ.

ಆ ಮೌನ ತಡೆಯಲಾರದೆ ಮಾಡಿದೆ ಎಂದರೆ ಅರ್ಧ ನಿಜ. ಉಳಿದರ್ಧ, ಬೇರೆಯವರ ದನಿ ತೆಗೆಯುವ ನನ್ನ ಗಂಟಲ ತುರಿಕೆ. ಗುರುವಾರ ಎರ್ರಿಯ ಫೋನ್ ಇಸಿದುಕೊಂಡು, ಎಲೆ ಅಡಿಕೆ ತುಂಬಿದ ಬಾಯಿಯ ದನಿ ತೆಗೆದೆ.

"ಅನಂತ ಸರ್ ಏನ್ರಿ? ನಾನ್ರೀ, ಸಿರುಗುಪ್ಪದ ಕಡೆಯಿಂದ ಗಾದಿಲಿಂಗಪ್ಪ, ಹೈಸ್ಕೂಲ್ ಹೆಡ್‌ಮಾಸ್ತರ. ಕಂಪ್ಯೂಟರ್ ಪುಸ್ತಕ ಅದಾವಂತಲ್ರಿ? ನಮ್ ಸಾಲಿ ಹುಡುಗರಿಗೆ ಬೇಕ್ರಿ. ಅಷ್ಟೂ ಬೇಕ್ರಿ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

"ಅಷ್ಟೂ?"

"ಅಷ್ಟೂ ರೀ. ನಿಮ್ ಹುಡುಗ ಹಂಪೇಶನ ಕೈಯಾಗ ಕಳಿಸ್ರಿ."

ನನ್ನ ಲೆಕ್ಕ ಸರಳವಿತ್ತು. ಗಾಡಿ ತುಂಬಿಕೊಂಡು ಓಣಿ ದಾಟುವುದು, ಕೌಲ್ ಬಜಾರಿನ ರದ್ದಿ ಅಂಗಡಿಯಲ್ಲಿ ಇಳಿಸುವುದು, ಸರ್ ನೆಮ್ಮದಿಯಾಗಿರುವುದು. ಆದರೆ ಸೆಂಟರಿನ ಪದ್ಧತಿಯೊಂದನ್ನು ಮರೆತಿದ್ದೆ. ಅಲ್ಲಿ ಪುಸ್ತಕ ಒಯ್ಯುವವನು ಸರ್ ಎದುರೇ ಅದನ್ನು ತೆರೆದು, ಒಂದು ಸಾಲು ಜೋರಾಗಿ ಓದಿ, ಆಮೇಲೆ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ತೆರೆಯದ ಪುಸ್ತಕ ಆ ಹೊಸ್ತಿಲು ದಾಟಿದ್ದೇ ಇಲ್ಲ.

ಶನಿವಾರ ಬೆಳಿಗ್ಗೆ ಗಾಡಿ ತುಂಬಿತು. ಸರ್ ಇಸ್ತ್ರಿ ಅಂಗಿ ತೊಟ್ಟು, ರಿಜಿಸ್ಟರ್ ಕಂಕುಳಲ್ಲಿಟ್ಟು, ಎರ್ರಿಯ ಪಕ್ಕದಲ್ಲಿ ಕೂತುಬಿಟ್ಟಿದ್ದರು.

"ಸರ್, ನೀವ್ಯಾಕ? ಬಿಸಿಲು ಐತಿ."

"ಗಾದಿಲಿಂಗಪ್ಪನವರು ಒಂದು ಸಾಲು ಓದೋದು ಬ್ಯಾಡೇನು? ಹತ್ತು ನೀ ಹಿಂದ."

ನಾನು ಹಿಂದೆ, ಕೋಬಾಲ್ ಮೇಲೆ ಕೂತೆ. ಎರ್ರಿ ಕನ್ನಡಿಯಲ್ಲಿ ನನ್ನನ್ನೇ ನೋಡಿ ಹಲ್ಲು ಕಿರಿಯುತ್ತಿದ್ದ. ಎರಡೂ ಕಡೆ ಭತ್ತದ ಗದ್ದೆ. ಗದ್ದೆಯ ಕಡೆ ನೋಡುತ್ತ ಸುಳ್ಳು ಹುಡುಕಿದೆ. ಒಂದೂ ಸಿಗಲಿಲ್ಲ.

ಕುರುಗೋಡಿನಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಸರ್ ಗಾಡಿಯಿಂದ ಇಳಿಯಲಿಲ್ಲ. ನಾನು ಎರ್ರಿಯ ಫೋನ್ ತೆಗೆದುಕೊಂಡು ಅಂಗಡಿಯ ಹಿಂದಿನ ಗೋಡೆಗೆ ಹೋದೆ.

"ಸರ್, ಗಾದಿಲಿಂಗಪ್ಪ ರೀ. ಸಾಲಿಗೆ ಇನ್‌ಸ್ಪೆಕ್ಷನ್ ಬಂದೈತ್ರಿ. ಇವತ್ತು ಬರಬ್ಯಾಡ್ರಿ. ಹುಡುಗನ ಕೂಡ ಕಳಿಸಿ ನೀವು ಬಸ್ಸಿಗೆ ವಾಪಸ್..."

ಅಷ್ಟರಲ್ಲಿ ರಸ್ತೆಯಲ್ಲಿ ಮೈಕು ಕಟ್ಟಿದ ಈರುಳ್ಳಿ ಗಾಡಿ ಬಂತು. "ಉಳ್ಳಾಗಡ್ಡಿ, ಉಳ್ಳಾಗಡ್ಡಿ! ರಂಡಿ ಅಮ್ಮಾ, ಬರ್ರಿ ಅಕ್ಕಾ!" ತೆಲುಗಿನಲ್ಲಿ ರಂಡಿ, ಕನ್ನಡದಲ್ಲಿ ಬರ್ರಿ, ಎರಡೂ ಬನ್ನಿ ಎಂಬ ಕೂಗೇ. ನನ್ನ ಕೈಯಲ್ಲಿದ್ದ ಫೋನಿನೊಳಗಿಂದಲೂ, ಸರ್ ಕಡೆಯಿಂದ, ಅದೇ ಉಳ್ಳಾಗಡ್ಡಿ ಕೇಳಿತು.

ಸರ್ ಮೆತ್ತಗೆ, "ಗಾದಿಲಿಂಗಪ್ಪನವರ, ಸಿರುಗುಪ್ಪದಾಗೂ ಈಗ ಉಳ್ಳಾಗಡ್ಡಿ ಗಾಡಿ ಹೊಂಟದೇನ್ರಿ?" ಎಂದರು.

ಫೋನ್ ಇಟ್ಟೆ. ಗೋಡೆಯ ಹಿಂದಿನಿಂದ ಬಂದು ಗಾಡಿಯ ಹತ್ತಿರ ನಿಂತೆ. ಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಂದ್ರ ಯಾರೂ ಕೇಳಿಲ್ಲ," ಎಂದರು.

"ಇಲ್ರಿ ಸರ್."

"ಎರಡು ದಿನ ನಿದ್ದಿ ಬಂದಿರಲಿಲ್ಲ. ಆ ಹುಡುಗರಿಗೆ ಯಾವ ಪುಸ್ತಕ ಮೊದಲು ಕೊಡಬೇಕು ಅಂತ ಪಟ್ಟಿ ಮಾಡಿದ್ದೆ."

ಚಹಾದಂಗಡಿಯ ಕಟ್ಟೆಯಿಂದ ಒಬ್ಬ ರೈತ ಎದ್ದು ಬಂದ. ಗಾಳೆಪ್ಪ ಅಂತೆ. ಕಟ್ಟಿನಿಂದ ಇಣುಕುತ್ತಿದ್ದ ಒಂದು ಸೀಡಿಯನ್ನು ಬೆರಳಿನಿಂದ ಮುಟ್ಟಿದ.

"ಇವು ಕೊಡ್ತೀರೇನ್ರಿ? ಹೊಲ್ದಾಗ ದಾರಕ್ಕ ಕಟ್ಟತೀನ್ರಿ. ಹೊಳಪಿಗೆ ಹಕ್ಕಿ ಬರಂಗಿಲ್ರಿ."

ನನಗೆ ನೆಲ ಬಿರಿಯಬಾರದೇ ಎನಿಸಿತು. ಸರ್ ಮಾತ್ರ ರಿಜಿಸ್ಟರ್ ತೆರೆದರು.

"ಒಂದು ಸಾಲು ಓದಬೇಕು ನೋಡಪ್ಪಾ."

"ಇಂಗ್ಲಿಷ್ ಬರಂಗಿಲ್ರಿ ನಂಗ."

ಸರ್ ಅವನನ್ನು, ಸೀಡಿಯನ್ನು ನೋಡಿದರು. "ಇರ್ಲಿ ಬಿಡು. ಹಕ್ಕಿ ಓದ್ಲಿ." ಸೀಡಿಗಳನ್ನೆಲ್ಲ ಒಂದೊಂದಾಗಿ ಅವರೇ ಬಿಡಿಸಿ ಕೊಟ್ಟರು. ಗಾಳೆಪ್ಪ ಹೆಸರನ್ನು ದೊಡ್ಡದಾಗಿ, ಗೆರೆ ದಾಟಿ ಬರೆದ.

"ವಾಪಸ್ ಹೋಗೋಣೇನ್ರಿ?" ಎರ್ರಿ ಕೇಳಿದ.

"ಸಿರುಗುಪ್ಪಕ್ಕೇ ನಡಿ. ರದ್ದಿಗೇ ಹಾಕೋದಾದ್ರ, ಬಳ್ಳಾರ್ಯಾಗ ಅಂಗಡಿ ಮುಂದ ನಿಂತ್ರ ನನ್ನ ಹಳೇ ಹುಡುಗರು ಯಾರಾದ್ರೂ ನೋಡ್ತಾರ."

ಸಿರುಗುಪ್ಪದ ರದ್ದಿ ಅಂಗಡಿ ಅಮರೇಶ್ ಎಂಬವನದು. ಅವನ ಕೆಲಸದ ರೀತಿಯೇ ಹಾಗೆ, ತೂಕಕ್ಕೆ ಮೊದಲು ದಪ್ಪ ರಟ್ಟನ್ನು ಕಿತ್ತು ಬೇರೆ ಇಡುವುದು. ಡಾಸ್ ಪುಸ್ತಕದ ರಟ್ಟು ಕಿತ್ತ. ಫಾಕ್ಸ್‌ಪ್ರೊ ಕಿತ್ತ. ಪ್ರತಿ ಸಲ ಚರ್ ಎನ್ನುವಾಗಲೂ ಸರ್ ಕಣ್ಣು ಮುಚ್ಚಿ ತೆಗೆಯುತ್ತಿದ್ದರು. ಆ ಸದ್ದಿನ ಅನುಕರಣೆ ನನಗೆ ಇವತ್ತಿಗೂ ಬರುವುದಿಲ್ಲ. ಪ್ರಯತ್ನವನ್ನೂ ಮಾಡಿಲ್ಲ.

"ಹಂಪೇಶ, ನೀ ನನ್ನ ದನೀನೂ ಮಾಡ್ತಿದ್ದೆಂತಲ್ಲ?"

"ಯಾರ್ ಹೇಳಿದ್ರಿ ಸರ್?"

"ಎಲ್ಲಾರೂ ಹೇಳ್ಯಾರ. ನಾನೊಬ್ಬನ ಕೇಳಿಲ್ಲ. ಮಾಡು."

"ಬ್ಯಾಡ್ರಿ ಸರ್, ಈಗ."

"ಈಗ ಅಲ್ದ ಯಾವಾಗ? ಮಾಡಲೇ."

ಗಂಟಲು ಎರಡು ಸಲ ಕೆರೆದುಕೊಂಡೆ. ಸರ್ ಕೆರೆಯುವುದೂ ಎರಡೇ ಸಲ. ಸರ್ ಕನ್ನಡಕ ಮೇಲೇರಿಸುವ ಹಾಗೆ, ಕನ್ನಡಕ ಇಲ್ಲದ ನನ್ನ ಮೂಗನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದೆ. ಅಮರೇಶನ ಮುಂದೆ ಹೋಗಿ ನಿಂತೆ.

"ಏನಪ್ಪಾ, ಚಪ್ಪಲಿ ಹಾಕ್ಕೊಂಡು ಒಳಗ ಬಂದೀಯಲ್ಲ? ಧೂಳಿಗೆ ಕಂಪ್ಯೂಟರಿಗೆ ಜ್ವರ ಬರ್ತದ! ಹೊರಗ ಬಿಡು. ಕೈ ತೊಳಕೊಂಡಿಯೇನು? ತೋರಿಸು. ಪುಸ್ತಕ ಹಂಗ ಹಿಡೀತಾರೇನು? ಎರಡೂ ಕೈಲಿ ಹಿಡಿ. ಅದೇನು ಕೋಳಿ ಅಲ್ಲ!"

ಅಮರೇಶ್ ತಬ್ಬಿಬ್ಬಾಗಿ ಕೋಬಾಲನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಾಲಿನ ಚಪ್ಪಲಿಯನ್ನು ನಿಜವಾಗಿ ಕಳಚಿಬಿಟ್ಟ. ಎರ್ರಿ ಗಾಡಿ ಬಡಿದು ನಕ್ಕ. ಪಕ್ಕದ ಅಂಗಡಿಯವರು ಬಂದು ನಕ್ಕರು. ಏನೆಂದು ತಿಳಿಯದೆ ಅಮರೇಶನೂ ನಕ್ಕ.

ಅವರೆಲ್ಲರ ಸದ್ದನ್ನು ಮುಚ್ಚಿ ಇನ್ನೊಂದು ನಗು ಎದ್ದಿತು. ಸರ್ ತೂಕದ ಮಷಿನ್ನಿನ ಅಂಚು ಹಿಡಿದು, ಬಗ್ಗಿ, ಕೆಮ್ಮಿ, ಮತ್ತೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲೇ ಇಲ್ಲ. "ಇನ್ನೊಮ್ಮೆ, ಇನ್ನೊಮ್ಮೆ ಮಾಡೋ," ಎನ್ನುತ್ತಿದ್ದರು. ನಾನು ಬಗ್ಗಿ, ಕಿತ್ತ ರಟ್ಟುಗಳನ್ನು ಆರಿಸತೊಡಗಿದೆ. ಅಮರೇಶ್ ಚಪ್ಪಲಿ ಮೆಟ್ಟಿ ಮುಂದಿನ ರಟ್ಟಿಗೆ ಕೈ ಹಾಕಿದ. ಸರ್ ಇನ್ನೂ ನಗುತ್ತಲೇ ಇದ್ದರು, ಎಲ್ಲರಿಗಿಂತ ಜೋರಾಗಿ.